ಹಿಡಿದದ್ದನ್ನು ಬಿಡದ ಬ್ರೇಕು

ಚೆನ್ನೈನ ನುಂಗಂಬಾಕ್ಕಂನ ಹವಾಮಾನ ಕಚೇರಿಯಲ್ಲಿ ಮಳೆಯನ್ನು ಮಿಲಿಮೀಟರಿನ ಹತ್ತನೇ ಒಂದು ಪಾಲಿನವರೆಗೂ ಅಳೆದು ಬರೆದಿಡುತ್ತಾರೆ. 1976ರ ನವೆಂಬರಿನಲ್ಲಿ ಒಂದೇ ದಿನಕ್ಕೆ 450 ಮಿ.ಮೀ. ದಾಟಿ ಸುರಿದಾಗಲೂ ಅವರು ದಶಾಂಶದ ಅಂಕಿಯನ್ನು ಬಿಡಲಿಲ್ಲ. ಅಷ್ಟು ನೀರಿನಲ್ಲಿ ಆ ಚೂರಿಗೇನು ಬೆಲೆ ಎಂದು ಕೇಳುವವರು ಅದೇ ಬಡಾವಣೆಯಲ್ಲಿ ನಿಂತ ಯಾವುದಾದರೂ ಕಾರಿನ ಮುಂದಿನ ಚಕ್ರ ಬಿಚ್ಚಿಸಿ ನೋಡಬೇಕು. ಬ್ರೇಕಿನ ಪ್ಯಾಡಿಗೂ ಡಿಸ್ಕಿಗೂ ನಡುವೆ ಇರುವ ಜಾಗ ಹೆಚ್ಚುಕಡಿಮೆ ಅಷ್ಟೇ: ಮಿಲಿಮೀಟರಿನ ಹತ್ತನೇ ಒಂದೋ ಎರಡೋ ಪಾಲು. ಕಾರು ಸಲೀಸಾಗಿ ಉರುಳುವುದು ಈ ಸಂದಿನ ದಯೆಯಿಂದ.

ಮೊದಲು ಬ್ರೇಕಿನ ಬಲ ಎಷ್ಟು ಅಂತ ನೋಡೋಣ. ಮನೆಮಂದಿ ಕೂತ ಸಣ್ಣ ಕಾರಿನ ತೂಕ 1,200 ಕೆ.ಜಿ. ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಹೊತ್ತ ಶಕ್ತಿ ಸುಮಾರು 1,67,000 ಜೂಲ್. ನಾಯಿಯೊಂದು ಅಡ್ಡ ಬಂದು ಎರಡೂವರೆ ಸೆಕೆಂಡಿನಲ್ಲಿ ನಿಲ್ಲಿಸಿದಿರಿ. ಆ ಎರಡೂವರೆ ಸೆಕೆಂಡು ಬ್ರೇಕುಗಳು ಸರಾಸರಿ 90 ಅಶ್ವಶಕ್ತಿಯಲ್ಲಿ ದುಡಿದಿರುತ್ತವೆ. ಇಂಥ ಕಾರುಗಳ ಪೆಟ್ರೋಲ್ ಎಂಜಿನ್ ಪೂರಾ ಉಸಿರು ಬಿಟ್ಟರೂ ಕೊಡುವುದು 65ರಿಂದ 90. ಜಾಹೀರಾತಿನವರು ಎಂಜಿನ್ನಿನ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ, ಬ್ರೇಕಿನದ್ದನ್ನು ಯಾರೂ ಹಾಕಿದ್ದು ನಾನು ಕಾಣೆ. ಆ ಒಂದು ನಿಲುಗಡೆಗೇ ಮುಂದಿನ ಒಂದೊಂದು ಡಿಸ್ಕೂ ಹತ್ತಿರ ಹತ್ತಿರ 30 ಡಿಗ್ರಿ ಬಿಸಿಯೇರುತ್ತದೆ.

ಇದನ್ನೆಲ್ಲ ಮಾಡುವುದು ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಎಂಬ ಭಾಗದೊಳಗಿನ ಒಂದು ಪಿಸ್ಟನ್. ಅಡ್ಡಳತೆ ಸುಮಾರು 51 ಮಿ.ಮೀ., ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು. ಬ್ರೇಕನ್ನು ಜೋರಾಗಿ ಒತ್ತಿದಾಗ ಅದರ ಹಿಂದೆ 70 ಬಾರ್ ಒತ್ತಡ ಬಂತೆನ್ನಿ. ಅದು ಟೈರಿನ ಗಾಳಿಯ ಒತ್ತಡದ ಮೂವತ್ತು ಪಟ್ಟು. ಆಗ ಆ ಪಿಸ್ಟನ್ ಪ್ಯಾಡನ್ನು ತಳ್ಳುವುದು 1,450 ಕೆ.ಜಿ. ಭಾರದಷ್ಟು ಬಲದಿಂದ. ಇಡೀ ಕಾರಿನ ತೂಕಕ್ಕಿಂತ ಜಾಸ್ತಿ, ಅದೂ ಒಂದೇ ಚಕ್ರದಲ್ಲಿ.

ಸರಿ, ಕಾಲು ತೆಗೆದಿರಿ. ಈಗ ಪಿಸ್ಟನ್ ಹಿಂದೆ ಸರಿಯಬೇಕು. ಸರಿಸುವವರು ಯಾರು? ಸ್ಪ್ರಿಂಗ್ ಇರಬಹುದು ಎಂದುಕೊಂಡಿದ್ದೆ, ಅಲ್ಲಿ ಅಂಥದ್ದೇನೂ ಇಲ್ಲ. ಪಿಸ್ಟನ್ನಿನ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಸೀಲ್ ಇರುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ಅದು ತುಸು ಬಾಗುತ್ತದೆ. ಒತ್ತಡ ಹೋದೊಡನೆ ನೆಟ್ಟಗಾಗುತ್ತ ಪಿಸ್ಟನ್ನನ್ನೂ ಎಳೆದುಕೊಳ್ಳುತ್ತದೆ. ಆ ಎಳೆತದಿಂದ ಸಿಗುವುದೇ ಮೇಲೆ ಹೇಳಿದ ಸಂದು. 1,450 ಕೆ.ಜಿ. ಒತ್ತಲು ಬೂಸ್ಟರ್, ಮಾಸ್ಟರ್ ಸಿಲಿಂಡರ್, ಪೈಪು, ಆಯಿಲ್ ಎಲ್ಲ ಉಂಟು. ಬಿಡಿಸುವುದಕ್ಕೆ ಈ ರಬ್ಬರ್ ಬಿಟ್ಟರೆ ಗತಿಯಿಲ್ಲ. ಕ್ಯಾಲಿಪರ್ ಹಿಡಿದುಕೊಳ್ಳುವ ರೋಗದ ಮೂಲ ಇಲ್ಲಿದೆ.

ಚೆನ್ನೈ ಈ ರೋಗಕ್ಕೆ ಹೇಳಿ ಮಾಡಿಸಿದ ಊರು. ನುಂಗಂಬಾಕ್ಕಂನಿಂದ ಸಮುದ್ರ ನಾಲ್ಕೈದು ಕಿಲೋಮೀಟರ್. ಗಾಳಿಯಲ್ಲಿ ಉಪ್ಪು, ಅಕ್ಟೋಬರಿನಿಂದ ಡಿಸೆಂಬರ್ ತನಕ ರಸ್ತೆಯಲ್ಲಿ ನೀರು, ಮಳೆಗೆ ಹೆದರಿ ಅಪಾರ್ಟ್‌ಮೆಂಟಿನ ಕೆಳಗೆ ವಾರಗಟ್ಟಲೆ ಅಲುಗಾಡದೆ ನಿಂತ ಕಾರು. ಕಬ್ಬಿಣ ತುಕ್ಕಾದರೆ ಮೊದಲಿನ ಎರಡು ಪಟ್ಟಿಗೂ ಮಿಕ್ಕಿ ಜಾಗ ಹಿಡಿಯುತ್ತದೆ. ಸಂದೇ ಅಷ್ಟು ಸಣ್ಣದಿರುವಾಗ ಎಷ್ಟು ತುಕ್ಕು ಸಾಕು, ನೀವೇ ಹೇಳಿ.

ಕಾಲು ತೆಗೆದ ಮೇಲೂ ಕ್ಯಾಲಿಪರ್ ಬರೀ 30 ಕೆ.ಜಿ. ಬಲದಿಂದ ಡಿಸ್ಕನ್ನು ಹಿಡಿದುಕೊಂಡಿದೆ ಅನ್ನೋಣ. ಪೂರ್ತಿ ಬಲದ ನೂರಕ್ಕೆ ಎರಡು ಪಾಲು, ಡ್ರೈವರಿಗೆ ಗೊತ್ತಾಗದೆಯೂ ಹೋಗಬಹುದು. ಆದರೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಆ ಒಂದು ಚಕ್ರದಲ್ಲಿ ಹುಟ್ಟುವ ಶಾಖ ಒಂದು ಕಿಲೋವ್ಯಾಟಿಗೆ ಹತ್ತಿರ. ಮನೆಯ ಇಸ್ತ್ರಿಪೆಟ್ಟಿಗೆಯನ್ನು ಚಕ್ರಕ್ಕೆ ಕಟ್ಟಿ, ಸ್ವಿಚ್ ಹಾಕಿ, ಊರೆಲ್ಲ ಸುತ್ತಿದ ಹಾಗೆ. ಗಾಳಿ ತಾಗದಿದ್ದರೆ ನಾಲ್ಕೂವರೆ ಕೆ.ಜಿ.ಯ ಡಿಸ್ಕು ಹತ್ತು ನಿಮಿಷದಲ್ಲಿ 300 ಡಿಗ್ರಿಯ ಆಸುಪಾಸಿಗೆ ಹೋಗಬಲ್ಲದು. ಸಂಜೆ ಸ್ಟರ್ಲಿಂಗ್ ರಸ್ತೆಯ ಸಿಗ್ನಲ್ಲಿನಲ್ಲಿ ಗಾಳಿ ಎಲ್ಲಿಂದ ಬರಬೇಕು! ಪೆಟ್ರೋಲಿನ ಲೆಕ್ಕವೂ ಕಡಿಮೆಯದಲ್ಲ: ಇದೇ ವೇಗದಲ್ಲಿ ಗಂಟೆಗೆ ಸುಮಾರು 0.4 ಲೀಟರ್ ದಂಡ. ಕಾರು ವರ್ಷಕ್ಕೆ 10,000 ಕಿ.ಮೀ. ಓಡಿದರೆ ಅಂಟಿಕೊಂಡ ಪ್ಯಾಡು ಡಿಸ್ಕಿನ ಮೇಲೆ ಉಜ್ಜಿಕೊಂಡು ಸಾಗುವ ದೂರ ಸುಮಾರು 3,500 ಕಿ.ಮೀ., ಚೆನ್ನೈ–ದೆಹಲಿ ರೈಲುದಾರಿಯ ಒಂದೂವರೆ ಪಟ್ಟಿಗೂ ಹೆಚ್ಚು.

ಇನ್ನು ಈ ಶಾಖ ತಟ್ಟುವ ಆಯಿಲ್. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ 230 ಡಿಗ್ರಿಗೆ ಮೊದಲು ಕುದಿಯಕೂಡದು ಎಂದು ನಿಯಮ. ಅದು ತೇವ ಹೀರುವ ಪದಾರ್ಥ. ನೂರಕ್ಕೆ 3.7 ಪಾಲು ನೀರು ಸೇರಿದರೆ ಈ ಮಿತಿ 155ಕ್ಕೆ ಇಳಿಯುತ್ತದೆ. ಅರ್ಧ ಲೀಟರ್ ಆಯಿಲಿಗೆ ಆ ನೀರು 18 ಮಿ.ಲೀ., ನಾಲ್ಕು ಚಮಚವೂ ಇಲ್ಲ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಬಿಡದ ಬ್ರೇಕು ಕೊನೆಗೆ ಹಿಡಿಯದ ಬ್ರೇಕಾಗುವುದು ಹೀಗೆ.

ನಮ್ಮ ಮನೆಯ ಕಾರು ಎಡಕ್ಕೆ ಎಳೆಯತೊಡಗಿದಾಗ ವಳ್ಳುವರ್ ಕೋಟ್ಟಂ ಹತ್ತಿರದ ಗಲ್ಲಿಯ ಮೆಕ್ಯಾನಿಕ್ ಮೊದಲು ಮಾಡಿದ್ದು ಶಾಖ ಅಳೆಯುವ ಗನ್ನನ್ನು ಎರಡೂ ಡಿಸ್ಕಿಗೆ ಹಿಡಿದದ್ದು. ಎಡಕ್ಕೂ ಬಲಕ್ಕೂ ನೂರು ಡಿಗ್ರಿಗೆ ಮೇಲ್ಪಟ್ಟ ಅಂತರ. ಜಾಕ್ ಕೊಟ್ಟು ಎತ್ತಿ, "ನೀವೇ ತಿರುಗಿಸಿ ನೋಡಿ ಸಾರ್" ಅಂದ. ಎರಡೂ ಕೈ ಹಾಕಿದರೂ ಚಕ್ರ ಅರ್ಧ ಸುತ್ತು ಬಂದದ್ದು ಕಷ್ಟದಲ್ಲಿ. ಆಮೇಲೆ ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ ಅನ್ನು ಚೂರು ಸಡಿಲಿಸಿದ. ಈ ಪರೀಕ್ಷೆ ನನಗೆ ಬಹಳ ಹಿಡಿಸಿತು. ಆಯಿಲ್ ಚಿಮ್ಮಿ ಚಕ್ರ ಹಗುರಾದರೆ ಒತ್ತಡ ಒಳಗೇ ಸಿಕ್ಕಿಹಾಕಿಕೊಂಡಿದೆ, ಅಂದರೆ ರಬ್ಬರ್ ಹೋಸಿನ ಒಳಪದರ ಊದಿದೆ ಇಲ್ಲವೇ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಚಕ್ರ ಹಾಗೇ ಬಿಗಿಯಾಗಿದ್ದರೆ ದೋಷ ಪಿಸ್ಟನ್ನಿನದು ಅಥವಾ ಕ್ಯಾಲಿಪರ್ ಜಾರುವ ಪಿನ್ನಿನದು. ನಮ್ಮದು ಬಿಗಿಯಾಗಿಯೇ ಇತ್ತು.

ಪ್ಯಾಡು ತೆಗೆದಾಗ ಉತ್ತರ ಸಿಕ್ಕಿತು. ಒಳಗಿನ ಪ್ಯಾಡು 3 ಮಿ.ಮೀ. ಉಳಿದಿತ್ತು, ಹೊರಗಿನದು 8. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರಬೇಕು, ಆಗ ಎರಡೂ ಪ್ಯಾಡು ಸಮನಾಗಿ ಸವೆಯುತ್ತವೆ. ಕೆಳಗಿನ ಪಿನ್ ಕಚ್ಚಿಕೊಂಡಿತ್ತು. ಹಿಂದೆ ಯಾರೋ ಪ್ಯಾಡು ಬದಲಿಸುವಾಗ ಮಾಮೂಲಿ ಗ್ರೀಸ್ ಬಳಿದಿದ್ದರು, ಅದರಿಂದ ರಬ್ಬರ್ ಬೂಟು ಊದಿ ಹರಿದು ನೀರು ಒಳಗೆ ಹೋಗಿತ್ತು. ಪಿಸ್ಟನ್ ಮಾತ್ರ ಒತ್ತಿದರೆ ನಯವಾಗಿ ಹಿಂದೆ ಹೋಯಿತು, ಅದು ಪುಣ್ಯ. ಅದರ ಮೈಯಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಉಜ್ಜಿ ಪ್ರಯೋಜನವಿರಲಿಲ್ಲ, ಪಿಸ್ಟನ್ ಬದಲಿಸಿ ಹೊಸ ಸೀಲ್ ಹಾಕಲೇಬೇಕಿತ್ತು. ಪಿನ್ನು, ಬೂಟು ಹೊಸದು, ಸಿಲಿಕೋನ್ ಗ್ರೀಸ್, ಹೊಸ ಪ್ಯಾಡು, ಹೊಸ ಆಯಿಲ್ ಹಾಕಿ ಏರ್ ತೆಗೆದದ್ದಷ್ಟೇ ಕೆಲಸ. ಸಾಮಾನು ಸಿಕ್ಕಿದ್ದು ಜಿ.ಪಿ. ರೋಡಿನಲ್ಲಿ. ಪುದುಪೇಟೆಯಲ್ಲಿ ಗುಜರಿ ಕ್ಯಾಲಿಪರ್ ಅಗ್ಗಕ್ಕೆ ಸಿಗುತ್ತದೆ ಅನ್ನುವವರಿದ್ದಾರೆ. ಬಾಗಿಲಿನ ಹಿಡಿ, ಕನ್ನಡಿ ಬೇಕಾದರೆ ಅಲ್ಲಿ ಕೊಳ್ಳಿ, ಬ್ರೇಕಿನ ಸಾಮಾನು ಬೇಡ.

2023–24ರಲ್ಲಿ ದೇಶದಲ್ಲಿ ಮಾರಾಟವಾದ ಕಾರು-ಜೀಪುಗಳು 42 ಲಕ್ಷಕ್ಕೂ ಹೆಚ್ಚು. ಮುಂದಿನ ಚಕ್ರಗಳನ್ನಷ್ಟೇ ಹಿಡಿದರೂ ವರ್ಷಕ್ಕೆ 84 ಲಕ್ಷ ಕ್ಯಾಲಿಪರ್. ಇದೇ ಊರಿನ ಪಾಡಿಯಲ್ಲಿ 1962ರಲ್ಲಿ ಹುಟ್ಟಿದ ಬ್ರೇಕ್ಸ್ ಇಂಡಿಯಾದಂಥ ಕಾರ್ಖಾನೆಗಳು ಇಷ್ಟೊಂದು ಸಂಖ್ಯೆಯಲ್ಲೂ ಸಂದಿನ ಆ ಸಣ್ಣ ಅಳತೆ ತಪ್ಪದಂತೆ ನೋಡಿಕೊಳ್ಳುತ್ತವೆ. ಅದನ್ನು ಕೆಡಿಸುವುದು ನಾವು, ಆಯಿಲ್ ಬದಲಿಸದೆ ಮತ್ತು ಪಿನ್ನು ಬಿಚ್ಚಿಸದೆ.

ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ. ಪ್ಯಾಡು ಹಾಕಿಸುವಾಗ ಪಿನ್ನುಗಳನ್ನು ಹೊರಗೆ ತೆಗೆಸಿ, ಎದುರಿಗೇ ನಿಂತು ನೋಡಿ. ಒಂದು ಸುತ್ತು ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದರ ಬಳಿ ಮಾತ್ರ ಝಳ ಬಡಿದರೆ ಅದರ ಮೇಲೆ ನೀರು ಸುರಿಯದೆ, ಆರಲು ಬಿಟ್ಟು, ಮೆಕ್ಯಾನಿಕ್ಕನ್ನು ಕಾರಿದ್ದಲ್ಲಿಗೇ ಕರೆಸಿ.