ಕಾಲು ಜಾರುವುದೇಕೆ?

ಬೆಂಗಳೂರು ದಂಡು ಪ್ರದೇಶದ ಈಶಾನ್ಯಕ್ಕಿರುವ ಲಿಂಗರಾಜಪುರದಲ್ಲಿ ಹಳೆಯ ಮನೆಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುವ ಕೆಲಸ ನಡೆಯುತ್ತಲೇ ಇದೆ. ಇಂತಹ ಎಡೆಗಳಲ್ಲಿ ಕೂಲಿಯಾಳು ಜಾರಿ ಬಿದ್ದರೆ, ‘ನೋಡಿ ಕಾಲಿಡಬಾರದಿತ್ತೆ?’ ಎಂಬ ಮಾತೇ ಮೊದಲು ಕೇಳಿಬರುತ್ತದೆ. ಈ ಆಕ್ಷೇಪಣೆ ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರಮಾಡೋಣ.

ನಡೆಯುವಾಗ ಹಿಮ್ಮಡಿಯು ನೆಲವನ್ನು ಕೆಳಕ್ಕೂ ಮುಂದಕ್ಕೂ ಒತ್ತುತ್ತದೆ. ಪಾದವು ಮುಂದಕ್ಕೆ ಸರಿಯದಂತೆ ತಡೆಯುವುದು ಘರ್ಷಣೆ. ಸಮತಲದಲ್ಲಿ ಸಹಜವಾಗಿ ನಡೆಯಲು, ನೆಲವನ್ನು ಒತ್ತುವ ಭಾರದ ಸುಮಾರು ಐದನೆಯ ಒಂದು ಪಾಲಿನಷ್ಟು ಘರ್ಷಣೆ ಬೇಕು. ನೆಲವು ಅಷ್ಟನ್ನು ಒದಗಿಸಲಾರದಾದಾಗ ಕಾಲು ಜಾರುತ್ತದೆ. ಇಳಿಜಾರಿನಲ್ಲಿ ಬೇಡಿಕೆ ಇನ್ನೂ ಹೆಚ್ಚು: ಅಡ್ಡಲಾಗಿ 4 ಅಡಿಗೆ 1 ಅಡಿ ಏರುವ ಹಲಗೆಯ ಮೇಲೆ ಸುಮ್ಮನೆ ನಿಲ್ಲುವುದಕ್ಕೇ ನಾಲ್ಕನೆಯ ಒಂದು ಪಾಲು ಬೇಕಾಗುತ್ತದೆ.

ಭಾರ ಹೊತ್ತವರ ಕಾಲು ಗಟ್ಟಿಯಾಗಿ ಊರುವುದೆಂದು ಹಲವರು ಭಾವಿಸುತ್ತಾರೆ. ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುವುದೆಂದು ಫ್ರಾನ್ಸಿನ ಅಮೊಂಟನ್ 1699ರಲ್ಲಿ ತಿಳಿಸಿದುದು ನಿಜ. ಆದರೆ ಪಾದವನ್ನು ಮುಂದಕ್ಕೆ ನೂಕುವ ಬಲವೂ ಅದರೊಡನೆ ಹೆಚ್ಚುವುದರಿಂದ ಲಾಭವಿಲ್ಲ. ಮೇಲಾಗಿ, ತಲೆಯ ಮೇಲೆ ಗಾರೆಯ ಬಾಂಡ್ಲಿ ಇದ್ದಾಗ ಗುರುತ್ವಕೇಂದ್ರ ಮೇಲಕ್ಕೇರುತ್ತದೆ. ಅದನ್ನು ಹಿಡಿದ ಕೈಗೆ ಸಮತೋಲ ಕಾಯುವ ಬಿಡುವಿರದು.

ನೆಲದ ಹಿಡಿತವನ್ನು ಕಸಿಯುವ ವಸ್ತುಗಳು ಕೆಲಸದಲ್ಲಿಯೇ ಹುಟ್ಟುತ್ತವೆ. ಸಿಮೆಂಟಿನ ತಿಳಿ ಮತ್ತು ಮಳೆನೀರು ಅಂಗಾಲಿಗೂ ನೆಲಕ್ಕೂ ನಡುವೆ ತೆಳುಪೊರೆಯಾಗಿ ನಿಂತು ಅವೆರಡನ್ನು ಬೇರ್ಪಡಿಸುತ್ತವೆ. ಸವೆದ ರಬ್ಬರ್ ಚಪ್ಪಲಿಯಲ್ಲಿ ಆ ನೀರು ಹರಿದುಹೋಗಲು ಗೀರುಗಳಿರುವುದಿಲ್ಲ. ಕೆಡವುವ ಮನೆಯಲ್ಲಿ ಒಣನೆಲವೂ ಜಾರುತ್ತದೆ. ಇಟ್ಟಿಗೆ, ಗಾರೆಗಳ ಪುಡಿಯು ಕಾಲಡಿಯಲ್ಲಿ ಸಣ್ಣ ಗುಂಡುಗಳಂತೆ ಉರುಳುತ್ತದೆ.

ಜಾರಿದ ದೇಹ ಸುಮಾರು ಒಂದು ಸೆಕೆಂಡಿನಲ್ಲಿ ನೆಲ ಸೇರುತ್ತದೆ. ಆಗ ಎಚ್ಚರಿಕೆಗೆ ಅವಕಾಶವೆಲ್ಲಿ? ಊರಿದ ಕೈಯ ಮಣಿಕಟ್ಟು ಮುರಿಯುತ್ತದೆ. ಅವಶೇಷಗಳಲ್ಲಿನ ಮೊಳೆ ಚುಚ್ಚಿದರೆ ಧನುರ್ವಾಯುವಿನ ಭಯವುಂಟು. ದಿನಗೂಲಿಯವನಿಗೆ ಮುರಿದ ಕೈಯೆಂದರೆ ವಾರಗಟ್ಟಲೆ ನಿಂತ ಸಂಪಾದನೆ.

ಪರಿಹಾರವಾದರೋ ದುಬಾರಿಯದಲ್ಲ. ಕಟ್ಟಡ ಕಾರ್ಮಿಕರನ್ನು ಕುರಿತ 1998ರ ಕೇಂದ್ರ ನಿಯಮಗಳು, ಜಾರುವ ದಾರಿ, ಹಲಗೆ, ಸಾರುವೆಗಳನ್ನು ಶುಚಿಗೊಳಿಸಬೇಕು ಇಲ್ಲವೆ ಮರಳು ಹರಡಬೇಕೆಂದು ವಿಧಿಸಿದವು. ಇಳಿಜಾರಿನ ಹಲಗೆಗೆ ಅಡ್ಡಪಟ್ಟಿಗಳನ್ನು ಬಡಿದರೆ ಪಾದಕ್ಕೆ ಆಧಾರ ದೊರೆಯುತ್ತದೆ. ಇವೆಲ್ಲವೂ ನೆಲಕ್ಕೆ ಮಾಡಬೇಕಾದ ಉಪಚಾರಗಳೆಂಬುದನ್ನು ಗಮನಿಸಬೇಕು. ನೆಲವನ್ನು ಹಾಗೆಯೇ ಬಿಟ್ಟು ಬಿದ್ದವನನ್ನು ದೂರಿದರೆ, ನಾಳೆ ಅಲ್ಲಿಯೇ ಮತ್ತೊಬ್ಬನು ಬೀಳುವನು.