ಚೆಂಡು ಬಿಟ್ಟು ನೋಡುವ ವಿದ್ಯೆ

ಆಟ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ. ತರಬೇತುದಾರರು ಸೀಟಿ ಊದಿ ನಿಲ್ಲಿಸಿದರು. ಸೈಡ್‌ಲೈನ್ ಉದ್ದಕ್ಕೂ ನಿಂತಿದ್ದ ನಮ್ಮ ಕಡೆ ತಿರುಗಿ, "ನೀಲಿ ಜರ್ಸಿಯ ಏಳನೇ ನಂಬರ್ ಹುಡುಗನ ಎಡಗೈ ಎಲ್ಲಿತ್ತು, ಹೇಳಿ ನೋಡೋಣ" ಅಂದರು.

ಇಪ್ಪತ್ತಕ್ಕೂ ಹೆಚ್ಚು ಜನ ಇದ್ದೆವು. ಅರ್ಧಕ್ಕರ್ಧ ಹೈಸ್ಕೂಲುಗಳ ಪಿ.ಟಿ. ಮೇಷ್ಟ್ರುಗಳು. ಉಳಿದವರು ಕಾಲೇಜಿಗೋ ಕ್ಲಬ್ಬಿಗೋ ಆಡಿ, ಮೊಣಕಾಲು ಕೈಕೊಟ್ಟ ಮೇಲೆ ಇತ್ತ ಬಂದವರು. ಚೆಂಡು ಎಲ್ಲಿತ್ತು ಎಂದು ಕೇಳಿದ್ದರೆ ಎಲ್ಲರೂ ಕೈಯೆತ್ತುತ್ತಿದ್ದೆವು. ಎಡಗೈ ಕಂಡವರು ಒಬ್ಬರೂ ಇರಲಿಲ್ಲ. ಆ ಹುಡುಗ ಎದುರಾಳಿಯ ಜರ್ಸಿಯನ್ನು ಸೊಂಟದ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡೇ ಅರ್ಧ ಅಂಕಣ ಓಡಿಬಿಟ್ಟಿದ್ದ. "ಎಲ್ಲರೂ ಟಿಕೆಟ್ ತಗೊಂಡು ಬಂದವರ ಥರ ನೋಡ್ತಿದೀರಲ್ಲ ಸ್ವಾಮಿ" ಎಂದು ಅವರು ನಕ್ಕರು.

ಬಾಸ್ಕೆಟ್‌ಬಾಲ್ ರೆಫ್ರಿಗಳ ಮೊದಲ ಶಿಬಿರಕ್ಕೆ ಹೋಗುವ ಬಹಳಷ್ಟು ಮಂದಿ ನಿಯಮ ಕಲಿಯಲು ಹೋಗುತ್ತಿದ್ದೇವೆ ಎಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡು ಹೋದವನು. ನಿಯಮವನ್ನು ಮನೆಯಲ್ಲೇ ಕೂತು ಓದಬಹುದು. ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಆ ಪುಸ್ತಕವನ್ನು ಪುಕ್ಕಟೆಯಾಗಿ ಕೊಡುತ್ತದೆ. ಶಿಬಿರದ ಕೆಲಸವೇ ಬೇರೆ. ಆಡಿ, ನೋಡಿ, ಕೂಗಿ, ವರ್ಷಗಟ್ಟಲೆ ಚೆಂಡಿಗೆ ಅಂಟಿಕೊಂಡ ಕಣ್ಣನ್ನು ಅಲ್ಲಿಂದ ಕಿತ್ತು ಬೇರೆ ಕಡೆ ನೆಡುವುದು ಅದರ ಕೆಲಸ. ಒಳ್ಳೆಯ ಆಟಗಾರರಾಗಿದ್ದವರಿಗೇ ಇದು ಹೆಚ್ಚು ಕಷ್ಟ. ಮುಂದಿನ ಪಾಸ್ ಎಲ್ಲಿಗೆ ಎಂಬುದು ಅವರಿಗೆ ಮೊದಲೇ ಹೊಳೆದುಬಿಡುತ್ತದೆ, ಕಣ್ಣು ಅಲ್ಲಿಗೆ ಓಡಿಬಿಡುತ್ತದೆ.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ಹುಟ್ಟುಹಾಕಿದಾಗ ಬರೆದದ್ದು 13 ನಿಯಮ ಮಾತ್ರ. ಅಷ್ಟರಲ್ಲೇ ತೀರ್ಪುಗಾರರ ಕೆಲಸವನ್ನು ಆತ ಎರಡು ಪಾಲು ಮಾಡಿದ್ದ. ಅಂಪೈರ್ ಆಟಗಾರರನ್ನು ನೋಡಬೇಕು, ಫೌಲ್‌ಗಳ ಲೆಕ್ಕ ಇಡಬೇಕು. ರೆಫ್ರಿ ಚೆಂಡನ್ನು ನೋಡಬೇಕು. ಒಂದು ಜೊತೆ ಕಣ್ಣಿಗೆ ಎರಡೂ ಸಾಧ್ಯವಿಲ್ಲ ಎಂಬುದು ಆಟ ಹುಟ್ಟುವಾಗಲೇ ಗೊತ್ತಿತ್ತು ಎಂದಾಯಿತು. ಈಗ ದೊಡ್ಡ ಪಂದ್ಯಗಳಲ್ಲಿ ಮೂವರು ಇರುತ್ತಾರೆ, ಒಬ್ಬ ಕ್ರ್ಯೂ ಚೀಫ್, ಇಬ್ಬರು ಅಂಪೈರ್. ನಮ್ಮ ತಾಲ್ಲೂಕು, ಜಿಲ್ಲಾ ಮಟ್ಟದ ಪಂದ್ಯಗಳು ಸಾಮಾನ್ಯವಾಗಿ ಇಬ್ಬರಲ್ಲೇ ಮುಗಿಯುತ್ತವೆ. ಬುಟ್ಟಿಯ ಕೆಳಗೆ, ಎಂಡ್‌ಲೈನ್ ಬಳಿ ನಿಲ್ಲುವವನು ಲೀಡ್. ಆಟದ ಹಿಂದೆ ಬರುವವನು ಟ್ರೇಲ್. ಚೆಂಡು ಕೈ ಬದಲಾದರೆ ಟ್ರೇಲ್ ಆಗಿದ್ದವನು ಎಲ್ಲರಿಗಿಂತ ಮುಂದೆ ಓಡಿ ಲೀಡ್ ಆಗಬೇಕು. 28 ಮೀಟರ್ ಉದ್ದದ ಅಂಕಣದಲ್ಲಿ ಹದಿನೆಂಟರ ಹುಡುಗರ ಮುಂದೆ ಓಡುವುದು ಎಂದರೇನು ಎಂದು ಮೊದಲ ಸಂಜೆಯೇ ಮೀನಖಂಡಗಳು ಹೇಳುತ್ತವೆ. ಶಿಬಿರಕ್ಕೆ ಒಂದು ತಿಂಗಳು ಮೊದಲೇ ಓಟ ಶುರುಮಾಡಿ. ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಯಾರು ಯಾವುದನ್ನು ನೋಡಬೇಕು ಎಂಬ ಹಂಚಿಕೆ ನನಗೆ ಅರ್ಥವಾದದ್ದು ಮದುವೆ ಮನೆಯ ಪಂಕ್ತಿಯಿಂದ. ಬಡಿಸುವ ಅನುಭವಸ್ಥರನ್ನು ಗಮನಿಸಿ. ಅವರು ಉಣ್ಣುವವರ ಮುಖ ನೋಡುವುದಿಲ್ಲ, ಎಲೆ ನೋಡುತ್ತಾರೆ. ತಮ್ಮ ಸಾಲು ಬಿಟ್ಟು ಪಕ್ಕದ ಸಾಲಿಗೆ ಕೈ ಹಾಕುವುದಿಲ್ಲ. ಸಾಂಬಾರಿನ ಬಕೆಟ್ ಹಿಡಿದವನು ಪಾಯಸ ಎಲ್ಲಿಗೆ ಬಂತು ಎಂದು ಕತ್ತೆತ್ತಿ ನೋಡುತ್ತಾ ನಿಂತರೆ ಅವನ ಸಾಲಿನ ಎಲೆಗಳು ಒಣಗುತ್ತವೆ. ಅಂಕಣವೂ ಹೀಗೇ ಪಾಲಾಗಿದೆ. ಚೆಂಡು ಜೊತೆಗಾರನ ಪಾಲಿನಲ್ಲಿದ್ದಾಗ ನಾನು ಚೆಂಡಿಲ್ಲದವರನ್ನು ನೋಡಬೇಕು. ಜರ್ಸಿ ಎಳೆಯುವುದು, ಮೊಣಕೈ ತೂರಿಸುವುದು, ಸ್ಕ್ರೀನ್ ನೆಪದಲ್ಲಿ ಸೊಂಟ ಒಡ್ಡುವುದು, ಎಲ್ಲವೂ ನಡೆಯುವುದು ಅಲ್ಲೇ. ಜೊತೆಗಾರನ ಮೇಲೆ ನಂಬಿಕೆ ಇಲ್ಲದವನು ಎರಡು ಪಾಲನ್ನೂ ನೋಡಲು ಹೋಗಿ ಎರಡನ್ನೂ ಕಳೆದುಕೊಳ್ಳುತ್ತಾನೆ.

ತನ್ನ ಪಾಲಿನಲ್ಲಿ ನೋಡುವುದಾದರೂ ಏನನ್ನು? ಇಲ್ಲಿ ಶಿಬಿರ ಎರಡನೇ ಸಲ ತಲೆಕೆಳಗು ಮಾಡುತ್ತದೆ. ಬುಟ್ಟಿಯತ್ತ ನುಗ್ಗುವವನನ್ನಲ್ಲ, ಅವನನ್ನು ತಡೆಯುವವನನ್ನು ನೋಡಿ ಎನ್ನುತ್ತಾರೆ. ಇಬ್ಬರು ಡಿಕ್ಕಿ ಹೊಡೆದರೆ ಗ್ಯಾಲರಿ ಯಾರು ಬಿದ್ದರು ಎಂದು ನೋಡುತ್ತದೆ. ರೆಫ್ರಿಗೆ ಬೇಕಾದದ್ದು ಆ ಜಾಗ ಯಾರದು ಎಂಬುದು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮಗೆ ಇದೇನೂ ಹೊಸದಲ್ಲ. ಆದರೆ ಇಲ್ಲಿ ಟವೆಲ್ ನಡೆಯುವುದಿಲ್ಲ, ಮೈಯೇ ಬರಬೇಕು. ತಡೆಯುವವನು ಎದುರಾಳಿಗೆ ಮುಖಮಾಡಿ ಎರಡೂ ಪಾದ ನೆಲಕ್ಕೂರಿದನೆಂದರೆ ಜಾಗ ಅವನ ಹೆಸರಿಗೆ. ಆಮೇಲೆ ಅವನು ಹಿಂದಕ್ಕೋ ಪಕ್ಕಕ್ಕೋ ಸರಿಯಬಹುದು, ನಿಂತಲ್ಲೇ ನೇರ ಮೇಲಕ್ಕೆ ನೆಗೆಯಬಹುದು. ಅವನ ಸುತ್ತ ಒಂದು ಸಿಲಿಂಡರ್ ಇದೆ ಎಂದುಕೊಳ್ಳಬೇಕು. ಮುಂದೆ ಅಂಗೈವರೆಗೆ, ಹಿಂದೆ ಕುಂಡಿಯವರೆಗೆ, ಪಕ್ಕಕ್ಕೆ ಕೈಕಾಲುಗಳ ಹೊರ ಅಂಚಿನವರೆಗೆ. ಅದರೊಳಗೆ ಅವನೇ ಯಜಮಾನ. ಅಲ್ಲಿಗೆ ನುಗ್ಗಿ ಎದೆಗೆ ಗುದ್ದಿದವನದೇ ತಪ್ಪು. ಆದರೆ ನುಗ್ಗಿದವನು ಆಗಲೇ ನೆಲ ಬಿಟ್ಟು ಗಾಳಿಯಲ್ಲಿದ್ದಾಗ ಅವನ ದಾರಿಗೆ ಬಂದು ನಿಂತರೆ ಲೆಕ್ಕ ತಿರುಗಾಮುರುಗಾ. ಕಣ್ಣು ಮೊದಲಿನಿಂದಲೂ ತಡೆಯುವವನ ಪಾದದ ಮೇಲೆ ಇಲ್ಲದಿದ್ದರೆ ಈ ತೀರ್ಪು ಕೊಡಲು ಬರುವುದೇ ಇಲ್ಲ. ಚೆಂಡಿನ ಜೊತೆ ಬಂದ ಕಣ್ಣಿಗೆ ಡಿಕ್ಕಿ ಮಾತ್ರ ಕಾಣುತ್ತದೆ, ಅದರ ಹಿಂದಿನ ಅರ್ಧ ಸೆಕೆಂಡ್ ಕಾಣುವುದಿಲ್ಲ.

ಎರಡನೇ ದಿನ ಬೆಳಿಗ್ಗೆ ಇಬ್ಬರು ಶಿಬಿರಾರ್ಥಿಗಳನ್ನು ಎದುರುಬದುರು ನಿಲ್ಲಿಸಿದರು. ಒಬ್ಬನ ಕೈಯಲ್ಲಿ ಚೆಂಡು, ಇನ್ನೊಬ್ಬ ಕೈ ಚಾಚಿ ತಡೆಯುತ್ತಿದ್ದಾನೆ. ನನ್ನನ್ನು ತಡೆಯುವವನ ಬೆನ್ನ ಹಿಂದೆ ನಿಲ್ಲಿಸಿ, "ಕೈ ತಗುಲಿದೆಯಾ?" ಎಂದು ಕೇಳಿದರು. "ತಗುಲಿದೆ ಸರ್" ಅಂದೆ. ಅನುಮಾನವೇ ಇರಲಿಲ್ಲ. ಭುಜ ಹಿಡಿದು ಒಂದೇ ಒಂದು ಹೆಜ್ಜೆ ಬಲಕ್ಕೆ ಸರಿಸಿದರು. ಇಬ್ಬರ ನಡುವೆ ನಾಲ್ಕು ಬೆರಳು ತೂರುವಷ್ಟು ಬೆಳಕು! ಕೈ ಮೈಗೆ ತಾಕಿರಲೇ ಇಲ್ಲ. ಮೂವರೂ ಒಂದೇ ಗೆರೆಯಲ್ಲಿ ನಿಂತಿದ್ದರಿಂದ ತಾಕಿದಂತೆ ಕಂಡಿತ್ತು. ಅವತ್ತಿನಿಂದ ನಾನು ಅಂಕಣದಲ್ಲಿ ಹುಡುಕುವುದು ಆ ಬೆಳಕನ್ನೇ. ಆಟಗಾರರು ಸರಿದಾಡಿದಂತೆ ಅದು ಮುಚ್ಚಿಕೊಳ್ಳುತ್ತದೆ, ರೆಫ್ರಿ ಒಂದು ಹೆಜ್ಜೆ ಸರಿದು ಮತ್ತೆ ತೆರೆದುಕೊಳ್ಳಬೇಕು. ನಿಂತಲ್ಲೇ ಕತ್ತು ಉದ್ದ ಮಾಡಿದರೆ ಸಿಗುವುದಿಲ್ಲ. ತೀರ್ಪು ಕೊಡುವ ಗಳಿಗೆಯಲ್ಲಿ ಮಾತ್ರ ನಿಶ್ಚಲವಾಗಿ ನಿಂತಿರಬೇಕು, ಓಡುವ ಕಣ್ಣಿಗೆ ಎಲ್ಲವೂ ಅಲುಗಾಡುತ್ತವೆ.

ಇಷ್ಟೆಲ್ಲ ಕಲಿತು ಆ ಮಧ್ಯಾಹ್ನ ನನ್ನ ಮೊದಲ ಪಂದ್ಯ. ಮೂರನೇ ನಿಮಿಷದಲ್ಲಿ ಒಬ್ಬ ನುಗ್ಗಿ ಬಂದ, ತಡೆಯುವವನ ಕೈ ಮೇಲಿನಿಂದ ಬೀಸಿ ಬಂತು, ನಾನು ಊದಿಬಿಟ್ಟೆ. ಊದಿದ ಮೇಲೆ ನೋಡುತ್ತೇನೆ, ಕೈ ಬಿದ್ದದ್ದು ಚೆಂಡಿನ ಮೇಲೆ. ಅಚ್ಚುಕಟ್ಟಾದ ತಡೆ. ವಿರಾಮದಲ್ಲಿ ತರಬೇತುದಾರರು ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: "ನೋಡಿ ಊದಿದೆಯೇನಪ್ಪಾ, ಊಹಿಸಿ ಊದಿದೆಯಾ?"

ಆಟದ ಪ್ರತಿ ನಡೆಗೂ ಶುರು, ನಡು, ಕೊನೆ ಎಂಬ ಮೂರು ಭಾಗ ಇರುತ್ತದೆ. ಕೊನೆಯವರೆಗೂ ಕಾದು, ನೋಡಿದ್ದನ್ನು ಮನಸ್ಸಿನಲ್ಲಿ ಒಮ್ಮೆ ಓಡಿಸಿ, ಆಮೇಲೆ ಉಸಿರು ಬಿಡಬೇಕು. ಬರೆಯುವಾಗ ಉದ್ದ ಅನ್ನಿಸುತ್ತದೆ, ಅಂಕಣದಲ್ಲಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು. ತಗುಲಿದ್ದೆಲ್ಲ ಫೌಲ್ ಅಲ್ಲ ಎಂಬುದೂ ಈ ಕಾಯುವಿಕೆಯಲ್ಲೇ ತಿಳಿಯುವುದು. ಹತ್ತು ಜನ ಓಡಾಡುವ ಜಾಗದಲ್ಲಿ ಮೈಗೆ ಮೈ ತಾಕದೆ ಇರದು. ತಾಕಿದ್ದರಿಂದ ಎದುರಾಳಿಯ ಆಟ ಕೆಟ್ಟಿತೇ ಎಂಬುದು ಪ್ರಶ್ನೆ. ತಡವಾಗಿ ಊದಿದ ಸೀಟಿಯನ್ನು ಜನ ಕ್ಷಮಿಸುತ್ತಾರೆ, ತಪ್ಪಾಗಿ ಊದಿದ್ದನ್ನು ಕ್ಷಮಿಸುವುದಿಲ್ಲ ಎಂದು ನನ್ನ ಅನುಭವ.

ಸೀಟಿಯ ಮಾತು ಬಂದದ್ದಕ್ಕೆ ಒಂದು ಕಥೆ. ಹಳೆಯ ಸೀಟಿಗಳ ಹೊಟ್ಟೆಯಲ್ಲಿ ಬಟಾಣಿಯಂಥ ಗುಂಡು ಇರುತ್ತಿತ್ತು. ಕೆನಡಾದ ರೆಫ್ರಿ ರಾನ್ ಫಾಕ್ಸ್‌ಕ್ರಾಫ್ಟ್ 1984ರಲ್ಲಿ ಬ್ರೆಜಿಲ್‌ನಲ್ಲಿ ಪಂದ್ಯ ನಡೆಸುವಾಗ ಆ ಗುಂಡು ಸಿಕ್ಕಿಕೊಂಡು ಸದ್ದೇ ಬರಲಿಲ್ಲ. ಕಣ್ಣೆದುರು ಫೌಲ್, ತುಂಬಿದ ಗ್ಯಾಲರಿ, ಬಾಯಲ್ಲಿ ಮೂಕ ಸೀಟಿ. ಊರಿಗೆ ಮರಳಿದ ಆತ ಗುಂಡೇ ಇಲ್ಲದ ಸೀಟಿ ಮಾಡಿಸುವ ಹಟಕ್ಕೆ ಬಿದ್ದ. 1987ರಲ್ಲಿ ಬಂದ ಆ ಫಾಕ್ಸ್ 40 ಇವತ್ತು ರೆಫ್ರಿಗಳ ಕೊರಳಲ್ಲಿ ಲೋಕವೆಲ್ಲ ಸುತ್ತುತ್ತಿದೆ. ಶಿಬಿರಕ್ಕೆ ಹೋಗುವವರು ಗುಂಡಿಲ್ಲದ ಸೀಟಿಯನ್ನೇ ಒಯ್ಯಿರಿ, ಎರಡು ಇರಲಿ. ಊದುವಾಗ ಒಂದೇ ಸಲ, ಹೊಟ್ಟೆಯಿಂದ. ಪೀಂ ಪೀಂ ಪೀಂ ಎಂದು ಟ್ರಾಫಿಕ್ ಪೊಲೀಸರ ಹಾಗೆ ಊದಿದರೆ ನಿಮಗೇ ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದು ಕೋಚ್‌ಗಳು ಓದಿಕೊಳ್ಳುತ್ತಾರೆ.

ಊದಿದ ಮೇಲೆ ಕೈ ಮಾತಾಡಬೇಕು. ಫೌಲ್ ಆದರೆ ಮುಷ್ಟಿ ಮೇಲಕ್ಕೆ, ಟ್ರಾವೆಲಿಂಗ್‌ನಂಥ ನಿಯಮಭಂಗಕ್ಕೆ ತೆರೆದ ಅಂಗೈ ಮೇಲಕ್ಕೆ. ಫೌಲ್ ಆದಾಗ ಸ್ಕೋರರ್ ಟೇಬಲ್ ಎದುರು ನಿಂತು ಮೂರು ವಿಷಯ ಹೇಳಬೇಕು: ಯಾವ ನಂಬರ್, ಎಂಥ ಫೌಲ್, ಮುಂದೇನು. ನಂಬರ್ ತೋರಿಸುವುದರಲ್ಲೇ ಹೊಸಬರು ಎಡವುವುದು. 24 ಎಂದರೆ ಮೊದಲು ಕೈಯ ಹಿಂಬದಿ ತೋರಿಸಿ ಎರಡು ಬೆರಳು, ಆಮೇಲೆ ಅಂಗೈ ತೋರಿಸಿ ನಾಲ್ಕು. 13 ಎಂದರೆ ಮಾತ್ರ ಬಲಗೈ ಮುಷ್ಟಿ, ಎಡಗೈಯಲ್ಲಿ ಮೂರು ಬೆರಳು. ರಾತ್ರಿ ಹಾಸ್ಟೆಲಿನ ಕನ್ನಡಿ ಮುಂದೆ ನಾವೆಲ್ಲ ಸಾಲಾಗಿ ನಿಂತು 24, 13, 35 ಎಂದು ಅಭ್ಯಾಸ ಮಾಡಿದ್ದು ಕಂಡು ಅಲ್ಲಿನ ವಾಚ್‌ಮನ್ ಇದ್ಯಾವುದೋ ನಾಟಕದ ತಂಡ ಎಂದುಕೊಂಡಿದ್ದನಂತೆ.

ಟೇಬಲ್ ಕೆಲಸವನ್ನು ಕೀಳಾಗಿ ಕಾಣಬೇಡಿ. ಬಿಡುವಿದ್ದಾಗ ನೀವಾಗಿಯೇ ಹೋಗಿ ಸ್ಕೋರರ್ ಪಕ್ಕ ಕೂತುಕೊಳ್ಳಿ. ಮೊದಲ ಮತ್ತು ಮೂರನೇ ಕ್ವಾರ್ಟರ್‌ಗೆ ಕೆಂಪು ಪೆನ್ನು, ಎರಡು ಮತ್ತು ನಾಲ್ಕನೆಯದಕ್ಕೆ ನೀಲಿ ಅಥವಾ ಕಪ್ಪು. ಹೀಗೆ ಬಣ್ಣ ಬದಲಾಗುತ್ತಾ ಹೋಗುವ ಆ ಒಂದು ಹಾಳೆಯಲ್ಲಿ ಇಡೀ ಪಂದ್ಯ ಕೂತಿರುತ್ತದೆ. ಒಬ್ಬ ಆಟಗಾರನಿಗೆ ಐದು ಫೌಲ್, ಒಂದು ಕ್ವಾರ್ಟರ್‌ನಲ್ಲಿ ತಂಡಕ್ಕೆ ನಾಲ್ಕು ಫೌಲ್ ಆದ ಮೇಲೆ ಎದುರಾಳಿಗೆ ಎರಡು ಫ್ರೀ ಥ್ರೋ. ಈ ಲೆಕ್ಕ ತಪ್ಪಿದರೆ ಬೈಸಿಕೊಳ್ಳುವುದು ಟೇಬಲ್ ಅಲ್ಲ, ಸೀಟಿ ಹಿಡಿದವನು.

ಇನ್ನು ನಿಜವಾಗಿ ದಕ್ಕಿಸಿಕೊಳ್ಳುವ ಮಾತು. ಪ್ರತಿ ಪಂದ್ಯದ ನಂತರ ಹಿರಿಯರು ಕರೆದು ತಪ್ಪು ಹೇಳುತ್ತಾರೆ. ಹತ್ತು ತಪ್ಪು ಇದ್ದರೂ ಒಳ್ಳೆಯ ಗುರು ಎರಡನ್ನೇ ಹೇಳುತ್ತಾರೆ. ಆಗ "ಆದ್ರೆ ಸರ್..." ಎಂದು ಶುರುಮಾಡಿದಿರೋ, ಮುಗಿಯಿತು. ನಮ್ಮ ತಂಡದಲ್ಲಿ ಆಟದಲ್ಲಿ ನಮಗಿಂತ ದೊಡ್ಡ ಹೆಸರಿದ್ದವರೊಬ್ಬರು ಪ್ರತಿ ಮಾತಿಗೂ ಸಮರ್ಥನೆ ಕೊಡುತ್ತಿದ್ದರು. ಮೂರನೇ ದಿನಕ್ಕೆ ಹಿರಿಯರು ಅವರಿಗೆ "ಚೆನ್ನಾಗಿದೆ, ಚೆನ್ನಾಗಿದೆ" ಎನ್ನತೊಡಗಿದರು. ಶಿಬಿರದಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕೇಳಿ, ಹೂಂ ಅನ್ನಿ, ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮುಂದಿನ ಪಂದ್ಯಕ್ಕೆ ಆ ಎರಡರಲ್ಲಿ ಒಂದನ್ನು ಮಾತ್ರ ತಿದ್ದಿಕೊಳ್ಳಲು ಇಳಿಯಿರಿ. ನಿಮ್ಮ ಪಂದ್ಯದ ವಿಡಿಯೊ ತೋರಿಸಿದರೆ ನಾಚಿಕೆ ಬಿಟ್ಟು ನೋಡಿ. ನಾನು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತೇನೆ ಎಂಬುದು ನನಗೆ ಗೊತ್ತಾದದ್ದೇ ಹಾಗೆ. ರೆಫ್ರಿ ಸೊಂಟಕ್ಕೆ ಎರಡು ಕೈ ಇಟ್ಟರೆ ಅದು ಬ್ಲಾಕಿಂಗ್ ಫೌಲ್‌ನ ಸಂಜ್ಞೆ ಬೇರೆ!

ಕೋಚ್‌ಗಳು ಕೂಗುತ್ತಾರೆ. ಶಿಬಿರದಲ್ಲಿ ಅದಕ್ಕೂ ತಾಲೀಮು ಉಂಟು. ಒಬ್ಬರನ್ನು ಕೋಚ್ ವೇಷದಲ್ಲಿ ನಿಲ್ಲಿಸಿ ಬೇಕೆಂದೇ ಕೂಗಿಸುತ್ತಾರೆ. ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಕೊಡಿ, ಬರೀ ಹೇಳಿಕೆಗೆ ಉತ್ತರವೇ ಬೇಡ. "ಸರ್, ತಡೆದವನು ಮೊದಲೇ ನಿಂತಿದ್ದ" ಎಂಬಷ್ಟೇ ಮಾತು ಎಷ್ಟೋ ಜಗಳವನ್ನು ಅಲ್ಲೇ ಆರಿಸುತ್ತದೆ, ಏಕೆಂದರೆ ನೀವು ನೋಡಿದ್ದೀರಿ ಎಂಬುದು ಅದರಲ್ಲಿ ತಿಳಿಯುತ್ತದೆ.

ನಮ್ಮ ರಾಜ್ಯದಲ್ಲಿ ಕೆಲಸಕ್ಕೆ ಬರವಿಲ್ಲ. ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲೇರುವ ಶಾಲಾ ಕ್ರೀಡಾಕೂಟಗಳು, ದಸರಾ ಕ್ರೀಡಾಕೂಟ, ಕಾಲೇಜು ಪಂದ್ಯಗಳು, ಎಲ್ಲಕ್ಕೂ ಸೀಟಿ ಬೇಕು. ಶಿಬಿರ ಮುಗಿದ ವಾರದಲ್ಲೇ ಯಾವುದಾದರೂ ಹೈಸ್ಕೂಲು ಪಂದ್ಯಕ್ಕೆ ಹೋಗಿ ನಿಲ್ಲಿ, ಭತ್ಯೆ ಎಷ್ಟು ಎಂದು ಕೇಳಬೇಡಿ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ನಾನು ಗ್ಯಾಲರಿಯಲ್ಲಿ ಕೂತು ಆಟಗಾರ್ತಿಯರಿಗಿಂತ ಹೆಚ್ಚಾಗಿ ರೆಫ್ರಿಗಳ ಪಾದಗಳನ್ನೇ ನೋಡಿದೆ. ಪಕ್ಕದಲ್ಲಿದ್ದವರು ಸ್ಕೋರ್ ಕೇಳಿದರೆ ಹೇಳಲಾಗದೆ ಬೋರ್ಡ್ ತೋರಿಸಿದೆ.

ಶಿಬಿರಕ್ಕೆ ಹೆಸರು ಕೊಟ್ಟಿದ್ದರೆ, ಹೊರಡುವ ಮೊದಲು ಹತ್ತಿರದ ಯಾವುದಾದರೂ ಪಂದ್ಯಕ್ಕೆ ಹೋಗಿ ಕೂತು ಒಂದು ಕ್ವಾರ್ಟರ್ ಮಾತ್ರ ಹೀಗೆ ನೋಡಿ. ಹತ್ತು ನಿಮಿಷ, ತಡೆಯುವ ತಂಡದ ಒಬ್ಬನನ್ನು ಬಿಟ್ಟು ಕಣ್ಣು ಕದಲಬಾರದು. ಎಷ್ಟು ಸಲ ಚೆಂಡಿನತ್ತ ಜಾರಿತು ಎಂದು ಬೆರಳು ಮಡಿಸುತ್ತಾ ಹೋಗಿ. ನನಗೆ ಮೊದಲ ಸಲ ಎರಡನೇ ನಿಮಿಷಕ್ಕೇ ಎರಡೂ ಕೈಯ ಬೆರಳು ಮುಗಿದಿದ್ದವು.