ನಿಮಗಿದು ಗೊತ್ತೇ? ಗ್ಲಾಕೋಮಾ ಮದ್ದಿನ ಹುಡುಕಾಟ

ಕುದಾಪುರದ ಬಯಲಿಗೆ ಭಾರತೀಯ ವಿಜ್ಞಾನ ಸಂಸ್ಥೆ ಬಂದ ಮೇಲೆ ಚಳ್ಳಕೆರೆಯನ್ನು ವಿಜ್ಞಾನ ನಗರಿ ಎಂದು ಹೆಮ್ಮೆಯಿಂದ ಕರೆಯುತ್ತೇವೆ. ಗ್ಲಾಕೋಮಾ ಎಂಬ ಕಣ್ಣಿನ ರೋಗದ ಬಗ್ಗೆ ಲೋಕದ ವಿಜ್ಞಾನ ಕಂಡುಕೊಂಡದ್ದೂ ಚಳ್ಳಕೆರೆ, ಮೊಳಕಾಲ್ಮೂರಿನ ಮನೆಮನೆಗೆ ತಲುಪಬೇಕು.

● ದಾವಣಗೆರೆಯ ಡಾ. ಎಂ.ಸಿ. ಮೋದಿ ಊರೂರಲ್ಲಿ ಶಿಬಿರ ನಡೆಸಿ ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದರು. ಪೊರೆ ತೆಗೆದರೆ ನೋಟ ಮರಳುತ್ತದೆ. ಗ್ಲಾಕೋಮಾದಲ್ಲಿ ಹಾಳಾಗುವುದು ದೃಷ್ಟಿನರ. ಹೋದ ನೋಟವನ್ನು ಮರಳಿ ಕೊಡುವ ಚಿಕಿತ್ಸೆ ಇನ್ನೂ ಇಲ್ಲ. ಉಳಿದದ್ದನ್ನು ಕಾಯುವ ಚಿಕಿತ್ಸೆಗಳು ಬೇಕಾದಷ್ಟಿವೆ.

● ಮೊಳಕಾಲ್ಮೂರು ಸೀರೆಯ ರೇಷ್ಮೆ ಎಳೆಯನ್ನು ಸಲೀಸಾಗಿ ಗುರುತಿಸುವ ನೇಕಾರರಿಗೂ ಗ್ಲಾಕೋಮಾ ಇರಬಹುದು! ಸಾಮಾನ್ಯ ಬಗೆಯಲ್ಲಿ ಮೊದಲು ಕುಗ್ಗುವುದು ಪಕ್ಕದ ನೋಟ. ನೇರ ನೋಟ ಬಹುಕಾಲ ಚೆನ್ನಾಗಿಯೇ ಇರುತ್ತದೆ. ನೋವೂ ಇಲ್ಲ, ಕೆಂಪೂ ಇಲ್ಲ.

● ಕಣ್ಣಿನೊಳಗೆ ಸದಾ ದ್ರವ ಊರುತ್ತದೆ, ಹೊರಹರಿಯುತ್ತದೆ. ಹರಿವು ತಡೆದರೆ ಒತ್ತಡ ಏರುತ್ತದೆ. 10ರಿಂದ 21 ಮಿ.ಮೀ. ಪಾದರಸದ ಒತ್ತಡ ಸಹಜ. ಒತ್ತಡ ಸಹಜವಾಗಿದ್ದವರಿಗೂ ಗ್ಲಾಕೋಮಾ ಬರುವುದುಂಟು.

● ಟಿಮೊಲಾಲ್ ಹನಿಮದ್ದಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1978ರಲ್ಲಿ, ಲಟಾನೊಪ್ರೊಸ್ಟ್‌ಗೆ 1996ರಲ್ಲಿ. ಎರಡನೆಯದನ್ನು ದಿನಕ್ಕೊಮ್ಮೆ ಹಾಕಿದರೆ ಸಾಕು. ಅದರಿಂದ ರೆಪ್ಪೆಗೂದಲು ಉದ್ದವಾಗಿ, ದಟ್ಟವಾಗಿ ಬೆಳೆಯುವುದೂ ಉಂಟು!

● ಒತ್ತಡ ಹೆಚ್ಚಿದ್ದೂ ನರ ಕೆಡದ 1,636 ಮಂದಿಯನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ ಪರೀಕ್ಷಿಸಿದರು. 2002ರಲ್ಲಿ ಬಂದ ಫಲಿತಾಂಶ: ಐದು ವರ್ಷಗಳಲ್ಲಿ ಮದ್ದಿಲ್ಲದವರಲ್ಲಿ ಶೇ. 9.5 ಮಂದಿಗೆ ಗ್ಲಾಕೋಮಾ ಬಂತು. ಹನಿ ಹಾಕಿಕೊಂಡವರಲ್ಲಿ ಶೇ. 4.4 ಮಂದಿಗೆ ಮಾತ್ರ.

● ಸ್ವೀಡನ್ನಿನ ಪರೀಕ್ಷೆಯೊಂದು ಇನ್ನಷ್ಟು ಭರವಸೆ ಕೊಟ್ಟಿತು: ಒತ್ತಡ ಒಂದೊಂದು ಮಿ.ಮೀ. ಇಳಿದಂತೆ ರೋಗ ಮುಂದುವರಿಯುವ ಅಪಾಯ ಸುಮಾರು ಶೇ. 10ರಷ್ಟು ತಗ್ಗುತ್ತದೆ.

● ದಿನವೂ ಹನಿ ಹಾಕಲಾಗದವರಿಗೆ? ಬ್ರಿಟನ್ನಿನಲ್ಲಿ 718 ರೋಗಿಗಳಲ್ಲಿ ಕೆಲವರಿಗೆ ಮೊದಲೇ ಲೇಸರ್ ಚಿಕಿತ್ಸೆ, ಉಳಿದವರಿಗೆ ಹನಿ ಕೊಟ್ಟು ಹೋಲಿಸಿದರು. ಲೇಸರ್ ಪಡೆದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಮೂರು ವರ್ಷ ಹನಿಯೇ ಬೇಕಾಗಲಿಲ್ಲ. ಇದು ಪ್ರಕಟವಾದದ್ದು 2019ರಲ್ಲಿ.

● ಹನಿ, ಲೇಸರ್ ಎರಡಕ್ಕೂ ಬಗ್ಗದ ಗ್ಲಾಕೋಮಾಕ್ಕೆ ಕಣ್ಣಿನಲ್ಲಿ ಪುಟ್ಟ ಕೊಳವೆ ಕೂರಿಸಿ ದ್ರವ ಹೊರಬಿಡುತ್ತಾರೆ. ಅಂಥ ಸಾಧನವನ್ನು ಕಡಿಮೆ ಬೆಲೆಯಲ್ಲಿ ಮದುರೈನ ಅರೋಲ್ಯಾಬ್ ತಯಾರಿಸುತ್ತಿದೆ.

● ವಿಟಮಿನ್ ಬಿ3 ಇಲಿಗಳ ದೃಷ್ಟಿನರವನ್ನು ಗ್ಲಾಕೋಮಾದಿಂದ ಕಾಯಿತೆಂದು 2017ರಲ್ಲಿ ವರದಿಯಾಯಿತು. ಆಮೇಲೆ ಮನುಷ್ಯರ ಮೇಲೂ ಪರೀಕ್ಷೆ ಶುರುವಾಯಿತು. ನೀವಾಗಿಯೇ ಮಾತ್ರೆ ನುಂಗಬೇಡಿ. ಪ್ರಮಾಣ ಮೀರಿದರೆ ಯಕೃತ್ತಿಗೆ ಪೆಟ್ಟು.

● ಬಿಸಿಲು, ಧೂಳಿನ ಸೀಮೆಯ ಮಕ್ಕಳಿಗೆ ಅಲರ್ಜಿಯಿಂದ ಕಣ್ಣುರಿ, ತುರಿಕೆ ಸಾಮಾನ್ಯ. ಔಷಧದಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ಹಾಕುವ ಸ್ಟೆರಾಯ್ಡ್ ಹನಿ ಮಕ್ಕಳಿಗೂ ಗ್ಲಾಕೋಮಾ ತಂದೀತು. ವೈದ್ಯರ ಚೀಟಿಯಿಲ್ಲದೆ ಅದು ಬೇಡವೇ ಬೇಡ.

● ಪಕ್ಕದ ಆಂಧ್ರದಲ್ಲಿ ಸುಮಾರು 3,300 ಶಿಶುಗಳಿಗೆ ಒಂದರಂತೆ ಹುಟ್ಟುಗ್ಲಾಕೋಮಾ ಕಂಡಿದೆ. ಸೋದರಮಾವ, ಅತ್ತೆ ಮಕ್ಕಳಂಥ ರಕ್ತಸಂಬಂಧದ ಮದುವೆಗಳಲ್ಲಿ ಇದರ ಅಪಾಯ ಹೆಚ್ಚು. ಮಗುವಿನ ಕಣ್ಣು ವಿಪರೀತ ದೊಡ್ಡದಿದ್ದರೆ, ಸದಾ ನೀರು ಸುರಿಯುತ್ತಿದ್ದರೆ, ಬೆಳಕಿಗೆ ಮುಖ ತಿರುಗಿಸಿದರೆ ತಡಮಾಡದೆ ತೋರಿಸಿ.

● ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಎರಡುಪಟ್ಟಾಗುತ್ತದೆಂದು ಚೆನ್ನೈನ ವೈದ್ಯರು 2006ರಲ್ಲಿ ತೋರಿಸಿದರು. ಗ್ಲಾಕೋಮಾ ಇರುವವರು ತಲೆಕೆಳಗಾಗುವ ಆಸನ ಬಿಡಬೇಕು.

● ಹೊಸ ಮದ್ದಿನ ಪರೀಕ್ಷೆಗೆ ನಿಮ್ಮನ್ನು ಕರೆದರೆ? ನಮ್ಮ ದೇಶದಲ್ಲಿ 2009ರಿಂದ ಅಂಥ ಪ್ರತಿ ಪರೀಕ್ಷೆಯೂ ಸಿ.ಟಿ.ಆರ್.ಐ. ಎಂಬ ಭಾರತದ ಕ್ಲಿನಿಕಲ್ ಪರೀಕ್ಷೆಗಳ ನೋಂದಣಿಯಲ್ಲಿರಬೇಕು, ಯಾರು ಬೇಕಾದರೂ ಅದನ್ನು ಉಚಿತವಾಗಿ ನೋಡಬಹುದು. ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿಯೇ ಒಪ್ಪಿಗೆ ಪಡೆಯಬೇಕು. ಓದು ಬಾರದವರ ಒಪ್ಪಿಗೆಗೆ ತಟಸ್ಥ ಸಾಕ್ಷಿ ಇರಬೇಕು. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ನಿಮ್ಮ ಹಕ್ಕು. ಯಾವಾಗ ಬೇಕಾದರೂ ಹೊರಬರಬಹುದು.

● ಭಾರತದಲ್ಲಿ ಗ್ಲಾಕೋಮಾ ಇರುವ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಅದು ಇರುವುದೇ ತಿಳಿದಿಲ್ಲ. ಇಷ್ಟೆಲ್ಲ ಸಂಶೋಧನೆ ಫಲ ಕೊಡುವುದು ರೋಗ ಬೇಗ ಪತ್ತೆಯಾದರೆ ಮಾತ್ರ. 40 ದಾಟಿದವರು, ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಅವರ ಒಡಹುಟ್ಟಿದವರು, ಮಕ್ಕಳು ಕಣ್ಣಾಸ್ಪತ್ರೆಗೆ ಹೋಗಲೇಬೇಕು. ಕನ್ನಡಕದ ನಂಬರ್ ನೋಡಿಸಿದರೆ ಸಾಲದು. ‘ಒತ್ತಡ ಅಳೆಯಿರಿ, ದೃಷ್ಟಿನರ ನೋಡಿ’ ಎಂದು ಕೇಳಿಯೇ ಬನ್ನಿ.